ಹವ್ಯಕರ ಮನೆಗೊಂದು ಜಿಂಕೆ ಕೋವಿ

ಸಸ್ಯಾಹಾರಿಗೆ ಬೇಟೆಯ ಕೋವಿಯ ವಿಚಾರದಲ್ಲಿ ಅಭಿಪ್ರಾಯ ಇರಕೂಡದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನನಗೆ ಇದೆ, ಬೇಕಾದಷ್ಟಿದೆ. ಗುಂಡು ಹೊಡೆದ ಅನುಭವ ಮಾತ್ರ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ.

ಸಾಗರ ಸೀಮೆಯ ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಅಡಿಕೆ ತೋಟ ಇದ್ದವರ ಮನೆಯಲ್ಲಿ ಅದೇನೂ ವಿಶೇಷವಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡುತ್ತಿದ್ದರು. ಆದರೆ ನಮ್ಮಂಥ ಸಸ್ಯಾಹಾರಿ ಹವ್ಯಕರ ಮನೆಯ ಕೋವಿಗೆ ಇರುವ ಕೆಲಸ ಸದ್ದು ಮಾಡುವುದು, ಅಷ್ಟೇ. ಮಂಗನಿಗೆ ಗುರಿಯಿಟ್ಟರೆ ಹನುಮಂತ ದೇವರ ಕೋಪ, ಬಿಟ್ಟರೆ ಬಾಳೆ ಏಲಕ್ಕಿ ಎರಡೂ ಗೋವಿಂದ. ಅಜ್ಜ ನಡುವಿನ ದಾರಿಯೊಂದನ್ನು ಹಿಡಿದಿದ್ದ. ನಳಿಗೆಗೆ ಮಸಿ, ಅಂದರೆ ಕೋವಿಮದ್ದು, ಸುರಿದು, ತೆಂಗಿನ ನಾರು ತುರುಕಿ, ಗಜವೆಂಬ ಸರಳು ಹಾಕಿ ಜಡಿದು, ಕೇಪು ಸಿಕ್ಕಿಸಿ, ಆಕಾಶಕ್ಕೆ ಒಂದು ಈಡು. ಇಷ್ಟು ಸಂಭ್ರಮ ಮುಗಿಯುವಷ್ಟರಲ್ಲಿ ಮಂಗಗಳು ಬಾಳೆಗೊನೆ ಪೂರೈಸಿ ಪಕ್ಕದವರ ತೋಟಕ್ಕೆ ದಾಟಿರುತ್ತಿದ್ದವು. ಆಮೇಲೆ ಪಕ್ಕದ ಮನೆಯವರು ಮಸಿ ಸುರಿಯಲು ಶುರುಮಾಡುವರು. ಚುನಾವಣೆ ಬಂತೆಂದರೆ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಹೊತ್ತು ಒಪ್ಪಿಸಬೇಕು, ಮತ ಎಣಿಕೆ ಮುಗಿದ ಮೇಲೆಯೇ ವಾಪಸು. ನೀತಿಸಂಹಿತೆ ಜಾರಿಗೆ ಬಂದದ್ದು ತಹಸೀಲ್ದಾರರಿಗಿಂತ ಮೊದಲು ಮಂಗಗಳಿಗೆ ಗೊತ್ತಾಗುತ್ತದೆ ಎಂದು ಅಜ್ಜ ಕೊನೆಯವರೆಗೂ ನಂಬಿದ್ದ.

ನನಗೆ ಕೋವಿಯ ಹುಚ್ಚು ಹತ್ತಿಸಿದ್ದು ಅಜ್ಜನಲ್ಲ, ಲೇಖಕ ತೇಜಸ್ವಿ. ಕೆನೆತ್ ಆಂಡರ್ಸನ್ನರ ಶಿಕಾರಿ ಕಥೆಗಳನ್ನು ಅವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಕಾಲದಲ್ಲಿ ನಾನು ಕಾಲೇಜಿನಲ್ಲಿದ್ದೆ. ಆಂಡರ್ಸನ್ ನಮ್ಮ ಬೆಂಗಳೂರಿನವರೇ, 1974ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಟ್ರಿಗರಿನ ಕೆಳಗಿನ ಲಿವರ್ ಎಂಬ ಕಬ್ಬಿಣದ ಬಳೆಗೆ ಬೆರಳು ತೂರಿಸಿ ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ, ಹಿಂದಕ್ಕೆಳೆದರೆ ಹೊಸ ತೋಟಾ ಒಳಗೆ. ಕೋವಿಯನ್ನು ಭುಜದಿಂದ ಇಳಿಸುವುದೇ ಬೇಡ. ಗಜ ಹುಡುಕಿ ಅಂಗಳವೆಲ್ಲ ಸುತ್ತುತ್ತಿದ್ದ ಅಜ್ಜನನ್ನು ಕಂಡು ಬೆಳೆದವನಿಗೆ ಇದು ದೇವತೆಗಳ ಅಸ್ತ್ರವೆಂದೇ ಅನಿಸಿದ್ದರೆ ಆಶ್ಚರ್ಯವಿಲ್ಲ. ಜಿಮ್ ಕಾರ್ಬೆಟ್‌ರ ಪ್ರಸಿದ್ಧ .275 ರಿಗ್ಬಿ ಬೋಲ್ಟ್ ಎಳೆಯುವ ಜಾತಿಯದು. ಅದನ್ನು ಗೌರವಿಸುತ್ತೇನೆ, ಪ್ರೀತಿಸಲಾರೆ. ಆಂಡರ್ಸನ್ನರ ಕೋವಿ 1895ರ ಮಾದರಿ, ಜಾನ್ ಬ್ರೌನಿಂಗ್ ಎಂಬ ಮಹಾನುಭಾವನ ವಿನ್ಯಾಸ. ಅಮೆರಿಕದ ಅಧ್ಯಕ್ಷಗಿರಿ ಬಿಟ್ಟಿಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಹೋದಾಗ ಕೊಂಡೊಯ್ದದ್ದೂ ಇದೇ .405. ನಾನು ಅದನ್ನು ಅಭ್ಯಾಸ ಮಾಡಿದ್ದು ಮಳೆಗಾಲದಲ್ಲಿ ಮಡಚಿದ ಕೊಡೆಯ ಮೇಲೆ, ಬಾಯಿಂದ ಸದ್ದು ಹೊರಡಿಸುತ್ತ.

ಅನ್ನದ ಋಣ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಎಳೆದು ತಂದಿತು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಎಷ್ಟೋ ಶಾಲೆಗಳಿಗೆ ರಜೆ. ಮೊದಲ ವರ್ಷ ಯಾವುದೋ ದೇವರ ಹಬ್ಬವಿರಬೇಕೆಂದುಕೊಂಡಿದ್ದೆ. ಜಿಂಕೆ ಬೇಟೆಯ ಮೊದಲ ದಿನವಂತೆ. 2019ರಿಂದ ಬೇಟೆಯ ಆರಂಭವನ್ನು ಶನಿವಾರಕ್ಕೆ ತಂದಿದ್ದಾರೆ, ಆದರೂ ಸೋಮವಾರದ ರಜೆಯನ್ನು ಬಿಟ್ಟುಕೊಡಲು ಅನೇಕ ಶಾಲೆಗಳಿಗೆ ಮನಸ್ಸಿಲ್ಲ. ಈ ರಾಜ್ಯದ ಬೇಟೆ ಇಲಾಖೆ ಹುಟ್ಟಿದ್ದು 1895ರಲ್ಲಿ, ನನ್ನ ಆರಾಧ್ಯ ಕೋವಿ ಹುಟ್ಟಿದ ವರ್ಷವೇ. ಆಗ ಹೊಡೆದು ಹೊಡೆದು ಜಿಂಕೆಯ ಸಂತತಿಯೇ ಮುಗಿಯುತ್ತ ಬಂದಿತ್ತು. ಬೇರೆ ರಾಜ್ಯಗಳಿಂದ ತರಿಸಿ ಬಿಟ್ಟರು. ಅವು ಈಗ ಎಷ್ಟಾಗಿವೆಯೆಂದರೆ ನನ್ನ ಹೆಂಡತಿ ಊರಿನ ಬೀಜ ಹಾಕಿ ಎಬ್ಬಿಸಿದ ಬಸಳೆ ಚಪ್ಪರಕ್ಕೆ ಸಂಜೆ ಹೊತ್ತು ಸಕುಟುಂಬವಾಗಿ ದಯಮಾಡಿಸುತ್ತವೆ. ಮಂಗನಿಂದ ತಪ್ಪಿಸಿಕೊಂಡು ಸಮುದ್ರ ದಾಟಿದರೆ ಇಲ್ಲಿ ಜಿಂಕೆ. ಓಡಿಸಲು ಆಕಾಶಕ್ಕೆ ಈಡು ಹೊಡೆಯೋಣವೆಂದರೆ ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಾರೆ.

ಹೀಗಿರುವಾಗ ಕಾಲೇಜು ಮುಗಿಸಿ ಮನೆಗೆ ಬಂದ ಮಗಳು ಒಂದು ದಿನ ದೋಸೆ ತಿನ್ನುತ್ತ, ಈ ಸಲ ತಾನು ಜಿಂಕೆ ಬೇಟೆಗೆ ಹೋಗುವುದಾಗಿ ತಿಳಿಸಿದಳು. ನೆರೆಮನೆಯ ಅಜ್ಜನ ಮೊಮ್ಮಗಳು ಇವಳ ಗೆಳತಿ. ಇಬ್ಬರೂ ಬೇಟೆಗಾರರ ತರಬೇತಿ ಮುಗಿಸಿ ಪ್ರಮಾಣಪತ್ರವನ್ನೂ ತಂದಾಗಿತ್ತು.

“ಎಂತದೇ ಕೂಸೇ ಇದು?” ಎಂದಳು ನನ್ನವಳು, ದೋಸೆ ಸಟ್ಟುಗವನ್ನು ಗಾಳಿಯಲ್ಲೇ ನಿಲ್ಲಿಸಿ.

“ಆಯಿ, ಬಸಳೆ ತಿಂದಿದ್ದಕ್ಕೆ ನೀನೇ ದಿನಾ ಶಾಪ ಹಾಕ್ತೀಯಲ್ಲ?”

“ಶಾಪ ಹಾಕೋದು ಬೇರೆ, ಹೊಡೆಯೋದು ಬೇರೆ. ಹೋಗ್ತೀಯೋ ಹೋಗು. ನನ್ನ ಅಡುಗೆಮನೆ ಹೊಸಿಲು ಮಾತ್ರ ಅದು ದಾಟಕೂಡದು.”

“ಕೋವಿನಾ, ಜಿಂಕೆನಾ?”

“ಎರಡೂ.”

ಮಗಳು ನನ್ನ ಕಡೆ ತಿರುಗಿದಳು. “ಅಪ್ಪಾ, ನಾನು ಹುಟ್ಟಿದಾಗಿನಿಂದ ಕೋವಿ ಕಥೆ ಹೇಳ್ತಾ ಬಂದಿದ್ದೀಯ. ಈಗ ಒಂದು ಆರಿಸಿಕೊಡು.”

ಒಬ್ಬ ತಂದೆಗೆ ಇಂಥ ಮಾತು ಆಡುವವರು ಎಷ್ಟು ಜನ? ಮಗಳು ಗಂಡು ಆರಿಸಿಕೊಡು ಎಂದು ಕೇಳುವುದಿಲ್ಲ, ಕೆಲಸ ಆರಿಸಿಕೊಡು ಎಂದೂ ಕೇಳುವುದಿಲ್ಲ. ಅಪ್ಪನ ತಲೆಯಲ್ಲಿರುವ ಸರಕಿನಲ್ಲಿ ಅವಳಿಗೆ ಬೇಕಾದದ್ದು ಇದೊಂದೇ ಆದರೆ ಇದೇ ಸೈ ಎಂದು ನಾನು ಕೂಡಲೇ ಎದ್ದು ಅಂಗಿ ಹಾಕಿಕೊಂಡೆ.

ನೆರೆಮನೆಯ ಅಜ್ಜ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ವ್ಯವಹಾರಸ್ಥ. ಬೋಲ್ಟ್ ರೈಫಲ್ ಕೊಡಿಸು, ಪ್ಲಾಸ್ಟಿಕ್ ಹಿಡಿಯದು, ಅರ್ಧ ದುಡ್ಡಿಗೆ ಬರುತ್ತದೆ, ಗುರಿಯೂ ಹೆಚ್ಚು ನಿಖರ ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲ. ಹಾಗಾಗಿ ಹಳಬರಲ್ಲಿ ಅನೇಕರ ಬಳಿ ಮುಂಗೈಯಿಂದ ಸರಕ್ಕನೆ ಎಳೆಯುವ ರೆಮಿಂಗ್ಟನ್ ಪಂಪ್ ರೈಫಲ್ ಇದೆ. ಅದಕ್ಕೆ ‘ಆಮಿಶ್ ಮಷೀನ್ ಗನ್’ ಎಂದು ಅಡ್ಡಹೆಸರು. ಕರೆಂಟು ಕಾರು ಬೇಡವೆನ್ನುವ, ಜಗಳಕ್ಕೆ ಹೋಗದ ಆಮಿಶ್ ಜನರ ಹೆಸರನ್ನು ಹೀಗೆ ಬಳಸುವುದು ಇಲ್ಲಿಯವರ ತಮಾಷೆ. ಅದನ್ನೂ ಅಜ್ಜ ಶಿಫಾರಸು ಮಾಡಿದ. ನಾನು ಲಿವರ್ ಎಂದೆ. ಯಾಕೆ ಎಂದ. ಆಂಡರ್ಸನ್ ಎಂದರೆ ಅವನಿಗೆ ತಿಳಿಯುವುದಿಲ್ಲ, ಮಾಗಡಿಯ ಚಿರತೆ ಎಂದರೂ ತಿಳಿಯುವುದಿಲ್ಲ. ಕೊನೆಗೆ ನನ್ನನ್ನು ಕಾಪಾಡಿದ್ದು ಮಗಳ ಎಡಗೈ. ಅವಳು ಎಡಚಿ. ಬೋಲ್ಟಿನ ಹಿಡಿ ಬಲಗಡೆಗಿರುತ್ತದೆ. ಎಡಗೈಯವರಿಗಾಗಿ ಮಾಡಿದ್ದು ಬೇಕೆಂದರೆ ಆಯ್ಕೆ ಕಡಿಮೆ. ಲಿವರಿಗೆ ಎಡಬಲದ ಭೇದವಿಲ್ಲ. ಚಿಕ್ಕವಳಿದ್ದಾಗ ಬಲಗೈಯಲ್ಲಿ ಉಣ್ಣಲು ಕಲಿಸುವುದಕ್ಕೆ ಅವಳ ಆಯಿ ಪಟ್ಟ ಪಾಡು ದೊಡ್ಡದು. ಊಟಕ್ಕೆ ಬಲಗೈಯೇ ಆಯಿತು. ಕೋವಿಗೆ ಎಡಗೈ ಉಳಿಯಿತು.

ಅಂಗಡಿಯ ಗೋಡೆಯುದ್ದಕ್ಕೂ ಕೋವಿಗಳು. ಮಗಳೇ ಕೊಳ್ಳುವವಳಾದ್ದರಿಂದ ಫಾರಂ ತುಂಬಬೇಕಾದವಳೂ ಅವಳೇ. ಅಪರಾಧದ ಹಿನ್ನೆಲೆ ಇದೆಯೇ ಎಂಬ ತಪಾಸಣೆ ಮುಗಿದರೆ ಕೋವಿ ಕೈಗೆ. ಊರಿನಲ್ಲಿ ನನ್ನ ಅಜ್ಜ ಲೈಸೆನ್ಸ್ ನವೀಕರಣಕ್ಕೆ ಕಚೇರಿ ಅಲೆದು ಚಪ್ಪಲಿ ಸವೆಸಿದ್ದು ನೆನಪಾಯಿತು. ಇಲ್ಲಿಯ ಸಲೀಸು ನನಗೆ ಹಿತವಾಗುವುದಿಲ್ಲ. ಈ ದೇಶದ ಪತ್ರಿಕೆ ಓದುವ ಯಾರಿಗೂ ಆಗಲಿಕ್ಕಿಲ್ಲ. ಅಜ್ಜನ ಮಾರ್ಗವೇ ಸರಿಯಿತ್ತೆಂದು ಆ ಅಂಗಡಿಯಲ್ಲಿ ನಿಂತೇ ಅಂದುಕೊಂಡೆ.

ಮೊದಲು ಕಣ್ಣು ಹೋದದ್ದು ವಿಂಚೆಸ್ಟರ್ 94ರ ಮೇಲೆ. ಈ ವಂಶದ ಮೂಲಪುರುಷ ಆಲಿವರ್ ವಿಂಚೆಸ್ಟರ್ ಅಂಗಿ ವ್ಯಾಪಾರಿ. 1848ರಲ್ಲಿ ಅವನು ಪೇಟೆಂಟ್ ಪಡೆದದ್ದು ಅಂಗಿಯ ಹೊಲಿಗೆಗೆ. ಮುಳುಗುತ್ತಿದ್ದ ಬಂದೂಕು ಕಂಪನಿಯೊಂದು ಅವನ ಪಾಲಿಗೆ ಬಂತು. ಅವನಲ್ಲಿ ಕೆಲಸಕ್ಕಿದ್ದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಹದಿನಾರು ತೋಟಾ ಹಿಡಿಯುವ ಲಿವರ್ ಕೋವಿಯನ್ನು ಮಾಡಿದ. ಉಳಿದವರಲ್ಲಿ ಅನೇಕರು ಆಗಿನ್ನೂ ನನ್ನ ಅಜ್ಜನ ಹಾಗೆ ಗಜ ಜಡಿಯುತ್ತಿದ್ದರು. 1894ರ ಮಾದರಿ ಮತ್ತೆ ಬ್ರೌನಿಂಗನದೇ ಕೈಚಳಕ. ಸುಮಾರು ಮೂರು ಕಿಲೋ ತೂಕ, ತೆಳ್ಳಗೆ, ನಡುವಿಗೆ ಕೈ ಹಾಕಿ ಹಿಡಿದು ನಡೆದರೆ ಕೈ ತಾನಾಗಿ ಒಗ್ಗುತ್ತದೆ. 1964ರಲ್ಲಿ ಖರ್ಚು ಉಳಿಸಲು ಕಂಪನಿ ತಯಾರಿಕೆಯ ಕ್ರಮ ಬದಲಾಯಿಸಿತು. ಅಂದಿನಿಂದ ಅಮೆರಿಕದ ಕೋವಿಪ್ರಿಯರಿಗೆ ಕಾಲ ಎರಡೇ ಭಾಗ, ಅರವತ್ತನಾಲ್ಕಕ್ಕೆ ಮುಂಚೆ ಮತ್ತು ಅರವತ್ತನಾಲ್ಕರ ನಂತರ. ನ್ಯೂಹೇವನ್ನಿನಲ್ಲಿದ್ದ ಕಂಪನಿಯ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಕೌಬಾಯ್‌ಗಳ ಕೋವಿ ಈಗ ತಯಾರಾಗುವುದು ಜಪಾನಿನಲ್ಲಿ. ಅಂಗಡಿಯವನು ತೋರಿಸಿದ್ದು ಅರವತ್ತನಾಲ್ಕಕ್ಕೆ ಮುಂಚಿನದು. ಕೈಗೆ ತೆಗೆದುಕೊಂಡೆ. ಲಿವರ್ ತಳ್ಳಿ ಎಳೆದೆ. ಮಡಚಿದ ಕೊಡೆ ಎಷ್ಟು ವರ್ಷ ಪ್ರಯತ್ನಪಟ್ಟರೂ ಹೊರಡಿಸಲಾರದ ಸದ್ದು ಅದು.

“ದುರ್ಬೀನು ಕೂರಿಸಬಹುದಾ?” ಎಂದಳು ಮಗಳು.

ಹಳೆಯ 94ರಲ್ಲಿ ಅದೇ ತೊಡಕು. ಖಾಲಿ ತೋಟಾ ನೆತ್ತಿಯಿಂದ ಮೇಲಕ್ಕೆ ಹಾರುತ್ತದೆ, ದುರ್ಬೀನು ನೆತ್ತಿಯ ಮೇಲೆ ಕೂತರೆ ಅದಕ್ಕೆ ದಾರಿಯಿಲ್ಲ. ಇದು ಪರಿಹಾರವಾದದ್ದು ಎಂಬತ್ತರ ದಶಕದಲ್ಲಿ, ತೋಟಾ ಓರೆಯಾಗಿ ಹಾರುವಂತೆ ಮಾಡಿದ ಮೇಲೆ. ಆಂಡರ್ಸನ್ ದುರ್ಬೀನು ಬಳಸುತ್ತಿರಲಿಲ್ಲ ಎಂದೆ. “ಅವರಿಗೆ ಕನ್ನಡಕ ಇತ್ತಾ?” ಎಂದು ತನ್ನ ಕನ್ನಡಕ ಮೇಲೇರಿಸಿಕೊಂಡಳು.

ಪಕ್ಕದಲ್ಲಿ ಹೆನ್ರಿ ಹೆಸರಿನ ಹೊಸ ಕೋವಿಗಳು. ಆ ಹಳೆಯ ಹೆನ್ರಿಗೂ ಈ ಕಂಪನಿಗೂ ನಂಟು ಹೆಸರಿನದಷ್ಟೇ. ಇದು ಶುರುವಾದದ್ದು ತೊಂಬತ್ತರ ದಶಕದಲ್ಲಿ. ಹಿತ್ತಾಳೆಯ ಮೈ, ಹುಣಸೆಹಣ್ಣಲ್ಲಿ ತಿಕ್ಕಿ ತೊಳೆದಿಟ್ಟ ದೇವರ ದೀಪದ ಹಾಗೆ ಫಳಫಳ. ನನ್ನವಳಿಗೆ ಹಿಡಿಸುತ್ತಿತ್ತು. ಕಾಡಿನಲ್ಲಿ ಅಷ್ಟು ಹೊಳಪು ಯಾಕೆಂದು ಮುಂದೆ ಹೋದೆವು.

ಎಂಜಿನಿಯರನಾಗಿ ನನ್ನ ಮನಸ್ಸು ನಿಂತದ್ದು ಸ್ಯಾವೇಜ್ 99ರ ಮುಂದೆ. ಆರ್ಥರ್ ಸ್ಯಾವೇಜ್ ಹುಟ್ಟಿದ್ದು ಜಮೈಕಾದಲ್ಲಿ. ಹೆಚ್ಚಿನ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಒದೆತದ ಹೊಡೆತಕ್ಕೆ ಮುಂದಿನದರ ಬುಡದ ಕೇಪಿಗೆ ಚುಚ್ಚಿ ಕೊಳವೆಯೇ ಸಿಡಿಯಬಹುದು. ಆದ್ದರಿಂದ ಮೊಂಡು ಮೂತಿಯ ಗುಂಡು, ಮೊಂಡು ಗುಂಡು ದೂರಕ್ಕೆ ಹೋಗುತ್ತ ಗಾಳಿಗೆ ಬೇಗ ಸೋಲುತ್ತದೆ. ಚೂಪಾದರೂ ಮೆತ್ತನೆಯ ತುದಿಯ ಗುಂಡು ಬಂದದ್ದು ಈ ಶತಮಾನದಲ್ಲಿ. ಸ್ಯಾವೇಜ್ ಈ ಸಮಸ್ಯೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಬಗೆಹರಿಸಿಬಿಟ್ಟಿದ್ದ. ಕೊಳವೆಯೇ ಬೇಡ, ಹೊಟ್ಟೆಯೊಳಗೆ ತಿರುಗುವ ಒಂದು ರಾಟೆ, ತೋಟಾಗಳು ಅದರ ಸುತ್ತ. ಎಷ್ಟು ಉಳಿದಿವೆಯೆಂದು ತೋರಿಸಲು ಎಡಮಗ್ಗುಲಲ್ಲಿ ಒಂದು ಪುಟ್ಟ ಕಿಟಕಿ ಬೇರೆ! ಆ ಕಿಟಕಿಯಲ್ಲಿ ಅಂಕಿ ಬದಲಾಗುವುದನ್ನು ನೋಡುತ್ತ ನಾನು ಊಟ ಬಿಟ್ಟೂ ನಿಂತಿರಬಲ್ಲೆ. ಆದರೆ ಆ ಕೋವಿಯ ತಯಾರಿಕೆ ನಿಂತು ಎರಡು ದಶಕಕ್ಕೂ ಮೇಲಾಯಿತು. ಅಂಗಡಿಯಲ್ಲಿದ್ದದ್ದರ ಹಿಂಬದಿಯ ಮರದಲ್ಲಿ ಲೋಹ ಸೇರುವ ಕಡೆ ಬಿರುಕು. ಈ ಮಾದರಿಗೆ ಅದು ಹುಟ್ಟುಗುಣ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ನನ್ನವಳು ಓದುತ್ತಾಳೆ.

ಉಳಿದದ್ದು ಮಾರ್ಲಿನ್ 336. 1948ರಿಂದ ಬಂದ ಮಾದರಿ. ನೆತ್ತಿ ಗಟ್ಟಿ, ತೋಟಾ ಬಲಪಕ್ಕಕ್ಕೆ ಹಾರುತ್ತದೆ, ದುರ್ಬೀನು ನೆಮ್ಮದಿಯಿಂದ ಕೂರುತ್ತದೆ. ಎಡಚಿಗೆ ಖಾಲಿ ತೋಟಾ ಮೂಗಿನ ಮುಂದೆ ಹಾದುಹೋಗುತ್ತದೆ, ಅಷ್ಟೇ. ವಿಂಚೆಸ್ಟರಿಗಿಂತ ತುಸು ದಪ್ಪ, ತುಸು ಭಾರ. ಸಿನಿಮಾದಲ್ಲಿ ನಾಯಕನ ಕೈಗೆ ಸಿಗದ, ನಾಯಕನ ಅಣ್ಣನ ಕೈಯಲ್ಲಿರುವ ಕೋವಿ. ಮಗಳು ಎಡಭುಜಕ್ಕೆ ಏರಿಸಿದಳು, ಇಳಿಸಿದಳು, ಕಣ್ಣು ಮುಚ್ಚಿಕೊಂಡು ಮತ್ತೆ ಏರಿಸಿ ಕಣ್ಣು ಬಿಟ್ಟು ನೋಡಿದಳು. ಗುರಿಕಣ್ಣು ನೆಟ್ಟಗೆ ಬಂದಿತ್ತೆಂದು ಕಾಣುತ್ತದೆ; “ಇದು” ಎಂದಳು. ನಾನು ಮೂವತ್ತು ವರ್ಷ ಓದಿ ತಿಳಿದದ್ದಕ್ಕೆ ಅವಳು ತೆಗೆದುಕೊಂಡ ಹೊತ್ತು ಅಷ್ಟು.

ತೋಟಾದ ವಿಚಾರದಲ್ಲಾದರೂ ನನ್ನ ಮಾತು ನಡೆಯಿತು. ನೆರೆಯ ಅಜ್ಜನಿಗೆ .45-70ಯ ಮೋಹ, ಕಾಡುಕೋಣದಂಥ ಬೈಸನ್ನನ್ನು ಕೆಡವಿದ ತೋಟಾ ಅದು. ಅದರ ಒದೆತಕ್ಕೆ ಬಸಳೆ ತಿನ್ನುವ ಜಿಂಕೆಯ ಜೊತೆ ಹೊಡೆದವಳೂ ಬೀಳಬೇಕು. .30-30 ಸಾಕೆಂದೆ. 1895ರಲ್ಲಿ ಬಂದದ್ದು, ಮೊದಲ ಮೂವತ್ತು ನಳಿಗೆಯ ವ್ಯಾಸ, ಎರಡನೆಯ ಮೂವತ್ತು ಆಗಿನ ಹೊಗೆರಹಿತ ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ನೂರೈವತ್ತು ಗಜದಾಚೆಗೆ ಅದನ್ನು ನಂಬುವಂತಿಲ್ಲ. ಪೆನ್ಸಿಲ್ವೇನಿಯಾದ ದಟ್ಟ ಕಾಡಿನಲ್ಲಿ ಅಷ್ಟು ದೂರ ಜಿಂಕೆ ಕಂಡರೆ ತಾನೆ?

ಕೋವಿ ಮನೆಗೆ ಬಂದು ನೆಲಮಾಳಿಗೆಯ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿತು. ಅಡುಗೆಮನೆಯ ಕಾನೂನು ಕಾನೂನೇ. ಆದರೆ ನವರಾತ್ರಿ ಬಂತು, ಆಯುಧಪೂಜೆ. ಕಾರು, ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿದ ನನ್ನವಳು ಸ್ವಲ್ಪ ಹೊತ್ತು ಯೋಚಿಸಿ, “ಅದನ್ನೂ ತನ್ನಿ” ಎಂದಳು. “ಹೆಸರಲ್ಲೇ ಆಯುಧ ಅಂತ ಇದ್ದು. ಅದೊಂದನ್ನೇ ಬಿಟ್ರೆ ಹೇಗೆ?” ತೋಟಾ ಇಲ್ಲವೆಂದು ನಾವಿಬ್ಬರೂ ಎರಡೆರಡು ಸಲ ನೋಡಿದ ಮೇಲೆ ಮಾರ್ಲಿನ್ ದೇವರ ಮುಂದೆ ಮಲಗಿ ಸೇವಂತಿಗೆ ಮುಡಿಯಿತು. ಕೊಳವೆಯಲ್ಲಿ ಸೇರಿಕೊಂಡ ಎಸಳೊಂದನ್ನು ತೆಗೆಯಲು ನಾನು ಪಟ್ಟ ಕಷ್ಟವನ್ನು ಬಳಕೆಯ ಕೈಪಿಡಿಯಲ್ಲಿ ಯಾರೂ ಊಹಿಸಿಲ್ಲ.

ನವೆಂಬರಿನ ಆ ಶನಿವಾರ ನಸುಕಿನಲ್ಲಿ ಮಗಳು ಹೊರಟಳು. ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕೆಂಬುದು ಇಲ್ಲಿಯ ಕಾನೂನು. ಜಿಂಕೆಗೆ ಆ ಬಣ್ಣ ಬೇರೆಯಾಗಿ ತೋರುವುದಿಲ್ಲ, ಬೇರೆ ಬೇಟೆಗಾರರಿಗೆ ತೋರುತ್ತದೆ. ಸನ್ಯಾಸಕ್ಕೆ ಹೊರಟ ಹಾಗಿದೆ ಎಂದು ಅವಳ ಆಯಿ ಗೊಣಗುತ್ತಲೇ ಬುತ್ತಿಗೆ ಅವಲಕ್ಕಿ ಕಟ್ಟಿದಳು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿಕೊ, ಒಣಗಿದ ಎಲೆ ತುಳಿಯಬೇಡ, ಮರಕ್ಕೆ ಬೆನ್ನು ಕೊಟ್ಟು ಕೂರು ಎಂದು ಆಂಡರ್ಸನ್ ಕಲಿಸಿದ್ದನ್ನೆಲ್ಲ ನಾನು ಬಾಗಿಲಲ್ಲಿ ಒಪ್ಪಿಸಿದೆ. “ಗೊತ್ತಪ್ಪಾ, ಮೊದಲ ದಿನದ ಪಾಠದಲ್ಲೇ ಇತ್ತು” ಎಂದಳು. ಜೊತೆಗೆ ಬಾ ಎಂದು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲವೆನ್ನಿ, ಆದರೂ ಕರೆಯಬಹುದಿತ್ತು.

ಮಧ್ಯಾಹ್ನ ಒಂದೇ ಈಡಿಗೆ ಜಿಂಕೆ ಬಿತ್ತಂತೆ. ಲಿವರನ್ನು ಎರಡನೆಯ ಸಲ ಎಳೆಯುವ ಪ್ರಮೇಯವೇ ಬರಲಿಲ್ಲ. ನಾನು ಇಷ್ಟು ವರ್ಷ ಕಾತರಿಸಿದ ಆ ಸದ್ದು ಬೇಟೆಯಲ್ಲಿ ಕೇಳಿಸಲೇ ಇಲ್ಲ! ಮಾಂಸವನ್ನು ಗೆಳತಿಯರು ಮನೆಗೆ ತರಲಿಲ್ಲ. ‘ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್’ ಎಂಬ ವ್ಯವಸ್ಥೆ ಪೆನ್ಸಿಲ್ವೇನಿಯಾದಲ್ಲಿ 1991ರಿಂದ ಇದೆ. ಬೇಟೆಗಾರರು ಕೊಟ್ಟ ಜಿಂಕೆಯನ್ನು ಕಟುಕರು ಹಸನು ಮಾಡಿ ಹಸಿದವರಿಗೆ ಆಹಾರ ಹಂಚುವ ಕೇಂದ್ರಗಳಿಗೆ ತಲುಪಿಸುತ್ತಾರೆ. ಇದನ್ನು ಕೇಳಿ ನನ್ನವಳು, ಎಷ್ಟು ಜನರ ಊಟಕ್ಕಾಯಿತಂತೆ ಎಂದು ಒಂದು ಮಾತು ವಿಚಾರಿಸಿದಳು. ಬೇರೇನೂ ಕೇಳಲಿಲ್ಲ.

ಕೊಳ್ಳುವ ಮನಸ್ಸಿದ್ದು, ಅಲ್ಲಿಯ ಕಾನೂನು ಒಪ್ಪುವ ಊರಿನಲ್ಲಿ ನೀವಿದ್ದರೆ ನನ್ನ ಸಲಹೆ ಇಷ್ಟು. ಬೇಟೆಗೆ ಹೋಗುವವರು ಮಾರ್ಲಿನ್ 336 ತೆಗೆದುಕೊಳ್ಳಿ. ಹಳೆಯದಾದರೆ ನಳಿಗೆಯ ಬುಡದಲ್ಲಿ ‘ಜೆಎಂ’ ಮುದ್ರೆ ಇದೆಯೇ ನೋಡಿ. ಹಳೆಯ ಕಾರ್ಖಾನೆಯ ಮಾಲು ಅದು. 2020ರಲ್ಲಿ ಕಂಪನಿಯನ್ನು ರೂಗರ್ ಕೊಂಡ ಮೇಲೆ ಬರುತ್ತಿರುವುದೂ ಚೆನ್ನಾಗಿದೆ ಎನ್ನುತ್ತಾರೆ. ಯಾವುದೇ ಇರಲಿ, ಲಿವರ್ ಪೂರ್ತಿ ತೆರೆದು ನಳಿಗೆಯೊಳಗೆ ಬೆಳಕು ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಇನ್ನು, ಹಿಂಬದಿಯ ಮರ ಬಿರಿಯದ .300 ಸ್ಯಾವೇಜ್ 99 ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೊಂದು ಮಾತು ತಿಳಿಸಿ. ಮನೆಯ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.