ಗುತ್ತಿಗಾರಿನ ಚಡಾವಿನಲ್ಲಿ ಒಂದು ಮಿಸ್ಸಿಂಗ್

ಕುಕ್ಕೆಗೆ ಹೋಗಿಬರುವ ಹೆಚ್ಚಿನವರಿಗೆ ಗುತ್ತಿಗಾರು ಅಂದ್ರೆ ಬಸ್ಸಿನ ಬೋರ್ಡಿನಲ್ಲಿ ಓದಿದ ಹೆಸರು, ಅಷ್ಟೇ. ಸುಳ್ಯ ತಾಲೂಕಿನ ಈ ಪೇಟೆ ಇರೋದು ಜಾಲ್ಸೂರು–ಸುಬ್ರಹ್ಮಣ್ಯ ರಸ್ತೆಯಲ್ಲಿ. ಎರಡೂ ಬದಿ ಅಡಿಕೆ ತೋಟ, ಗುಡ್ಡದ ಮೇಲೆ ರಬ್ಬರ್. ಒಂದೇ ಹೋಟೆಲಿನ ಒಂದೇ ಬೆಂಚಿನಲ್ಲಿ ಅರೆಭಾಷೆ, ತುಳು, ಕನ್ನಡ ಮೂರೂ ಕೇಳ್ತದೆ. ರಸ್ತೆ ಮಾತ್ರ ಸಮತಟ್ಟಾಗಿ ಸ್ವಲ್ಪ ದೂರವೂ ಇರೋದಿಲ್ಲ. ಇಳಿತ, ತಿರುವು, ಸಣ್ಣ ಸೇತುವೆ, ಮತ್ತೆ ಚಡಾವು. ಇಲ್ಲಿ ಗಾಡಿಗೆ ತನ್ನ ರೋಗ ಮುಚ್ಚಿಟ್ಟುಕೊಳ್ಳೋಕೆ ಆಗೋದಿಲ್ಲ.

ನನ್ನ ಕಾರು ಬೆಂಗಳೂರಿನಿಂದ ಇಲ್ಲಿಯವರೆಗೆ ಮುಚ್ಚಿಟ್ಟುಕೊಂಡೇ ಬಂದಿತ್ತು. ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್, ನಾಲ್ಕು ಸಿಲಿಂಡರ್. ಹಿಂದಿನ ವಾರವಷ್ಟೇ ಟೈಮಿಂಗ್ ಬೆಲ್ಟ್ ಬದಲಾಯಿಸಿತ್ತು. ಹೈವೇಯಲ್ಲಿ ಒಂದೇ ವೇಗ, ಶಿರಾಡಿಯಲ್ಲಿ ಪೂರ್ತಿ ಇಳಿತ, ಇಂಜಿನ್‌ಗೆ ದೊಡ್ಡ ಕೆಲಸವೇ ಇರಲಿಲ್ಲ. ಗುಂಡ್ಯದಿಂದ ಸುಬ್ರಹ್ಮಣ್ಯ ದಾಟಿ ಈ ಕಡೆ ತಿರುಗಿ, ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಶುರುವಾಯ್ತು: ಗುದ್ದಿದ ಹಾಗೆ ಕುಲುಕಾಟ, ಪಿಕಪ್ ಇಲ್ಲ, ಚೆಕ್ ಇಂಜಿನ್ ದೀಪ ಮಿನುಗು.

ಈ ದೀಪ ಸುಮ್ಮನೆ ಉರಿಯೋದು ಬೇರೆ, ಮಿನುಗೋದು ಬೇರೆ. ಮಿನುಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆ ಹೋಗ್ತಿದೆ ಅಂತ ಅರ್ಥ. ಅದು ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದರೆ ಅದೂ ಹಾಳು. ಆಕ್ಸಿಲರೇಟರ್ ಹೆಚ್ಚು ಒತ್ತದೆ ನಿಧಾನಕ್ಕೆ ಅಜ್ಜನ ಮನೆ ಸೇರಿದೆ. ಅವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಅಜ್ಜಿಯನ್ನು ಕಣ್ಣಿನ ಆಪರೇಷನ್‌ಗೆ ಮಂಗಳೂರಿಗೆ ಕರ್ಕೊಂಡು ಹೋಗಬೇಕು. ನಾನು ಊರಿಗೆ ಬಂದದ್ದೇ ಅದಕ್ಕೆ.

ಬೆಲ್ಟ್ ಹಾಕಿದ ಬೆಂಗಳೂರಿನ ಗ್ಯಾರೇಜಿಗೆ ಫೋನ್ ಮಾಡಿದೆ. ಬೆಲ್ಟ್ ಒಂದು ಹಲ್ಲು ಜಾರಿರಬೇಕು, ವಾಲ್ವ್ ಬೆಂಡ್ ಆಗಿದ್ರೆ ಹೆಡ್ ಬಿಚ್ಚಬೇಕು, ಟೋ ಮಾಡಿ ತನ್ನಿ ಅಂದ್ರು. ಹೇಳೋದು ಸುಲಭ. ಘಟ್ಟ ಹತ್ತಿಸಿ ಟೋ ಮಾಡಿಸೋ ಖರ್ಚು ಬೇರೆ, ಹೆಡ್ ಖರ್ಚು ಬೇರೆ.

ಅವರ ಮಾತು ಪೂರ್ತಿ ಸುಳ್ಳೇನಲ್ಲ. ಕೆಳಗೆ ಪಿಸ್ಟನ್ ಓಡಿಸುವ ಕ್ರ್ಯಾಂಕ್, ಮೇಲೆ ವಾಲ್ವ್ ತೆರೆದು ಮುಚ್ಚುವ ಕ್ಯಾಮ್, ಎರಡನ್ನೂ ತಾಳ ತಪ್ಪದ ಹಾಗೆ ಕಟ್ಟಿಡೋದು ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರಬೇಕು. ತಾಳ ಜಾಸ್ತಿ ತಪ್ಪಿದರೆ ಇಂಥ ಇಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಆದರೆ ನನ್ನ ಕಾರಿನಲ್ಲಿ ಹಾಗಾಗಿದೆಯೇ ಅನ್ನೋದು ಫೋನಿನಲ್ಲಿ ಗೊತ್ತಾಗುವ ವಿಷಯ ಅಲ್ಲ.

ಪೇಟೆಯ ಗ್ಯಾರೇಜಿಗೆ ಮೆಲ್ಲ ಓಡಿಸಿಕೊಂಡು ಹೋದೆ. ಮಳೆ ಎರಡು ದಿನ ಬಿಟ್ಟಿತ್ತು, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಅಂಗಡಿ ಎದುರು ಎರಡು ಜೀಪು, ಒಂದು ಪಿಕಪ್, ಸಾಲಾಗಿ ಮದ್ದಿನ ಪಂಪುಗಳು. ಕೊಳೆರೋಗ ಕಾಯೋದಿಲ್ಲ, ಹಾಗಾಗಿ ಪಂಪುಗಳಿಗೆ ಮೊದಲ ಮರ್ಯಾದೆ. ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ.

"ಬೆಲ್ಟ್ ಹಾಕಿದ ಮೇಲೆ ಮಿಸ್ಸಿಂಗ್ ಹೊಡೀತದೆ ಅಣ್ಣ" ಅಂದೆ.

"ಎಷ್ಟನೇ ಸಿಲಿಂಡರ್?"

ನನ್ನ ಹತ್ರ ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಸ್ಕ್ಯಾನರ್ ಇತ್ತು. ಕೋಡ್ ಪಿ0301. ಇದರಲ್ಲಿ ಪಿ ಅಂದ್ರೆ ಇಂಜಿನ್–ಗೇರ್ ಕಡೆಯದ್ದು, 03 ಅಂದ್ರೆ ಮಿಸ್‌ಫೈರ್ ಸೇರಿದ ಇಗ್ನಿಷನ್ ಗುಂಪು, ಕೊನೆಯ 01 ಸಿಲಿಂಡರ್ ನಂಬರ್. ಕ್ಯಾಮ್–ಕ್ರ್ಯಾಂಕ್ ತಾಳ ತಪ್ಪಿದರೆ ಸಾಮಾನ್ಯವಾಗಿ ಬರುವ ಪಿ0016 ಇರಲಿಲ್ಲ.

ಅವರು ಕೋಡ್ ನೋಡಿ ಅಂದದ್ದು ಇಷ್ಟೇ: "ಬೆಲ್ಟ್ ಒಂದೇ ಅಲ್ವಾ ಮಾರಾಯ್ರೆ. ಅದು ಜಾರಿದ್ರೆ ನಾಲ್ಕಕ್ಕೂ ಜಾರ್ಬೇಕು. ಒಂದನೆಯದ್ದಕ್ಕೆ ಮಾತ್ರ ಎಂತಕ್ಕೆ?"

ದಿನವಿಡೀ ಬಗ್ ಹುಡುಕುವ ಕೆಲಸ ನನ್ನದು. ಇಷ್ಟು ಚೊಕ್ಕವಾಗಿ ಸಮಸ್ಯೆಯನ್ನು ಎರಡು ಭಾಗ ಮಾಡುವವರನ್ನು ಆಫೀಸಿನಲ್ಲೂ ಕಂಡದ್ದು ಕಡಿಮೆ.

ಮೊದಲು ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರಕ್ಕೆ, ಮೂರರದ್ದು ಒಂದಕ್ಕೆ. ಕೋಡ್ ಅಳಿಸಿ ಚಡಾವು ಹತ್ತಿಸಿದೆವು. ಕಾಯಿಲ್ ಹಾಳಾಗಿದ್ರೆ ಮಿಸ್ಸಿಂಗ್ ಅದರ ಜೊತೆ ಮೂರಕ್ಕೆ ಹೋಗ್ಬೇಕಿತ್ತು. ಹೋಗಲಿಲ್ಲ. ಪ್ಲಗ್ ಅದಲು ಬದಲು ಮಾಡಿದರು, ಮತ್ತೆ ಚಡಾವು, ಮತ್ತೆ ಒಂದು. ಈಗ ನನಗೆ ಹೆದರಿಕೆ. ಬಡಿತ ತಿಂದು ಒಂದೇ ಸಿಲಿಂಡರಿನ ವಾಲ್ವ್ ಬೆಂಡ್ ಆಗಿದ್ರೂ ಲಕ್ಷಣ ಹೀಗೇ ಇರಬಹುದಲ್ಲ.

ಅದಕ್ಕೆ ಕಂಪ್ರೆಷನ್ ನೋಡಿದ್ರು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಗೇಜ್ ಹಾಕಿ, ನನ್ನ ಹತ್ರ ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಲು ಹೇಳಿದರು. ಕಂಬದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಅಂಕೆ ಬರೆದರು. ನಾಲ್ಕೂ ಹೆಚ್ಚುಕಡಿಮೆ ಒಂದೇ. ವಾಲ್ವ್ ಸರಿಯಾಗಿ ಕೂರದಿದ್ರೆ ಆ ಸಿಲಿಂಡರಿನಲ್ಲಿ ಗಾಳಿ ನಿಲ್ತಿರಲಿಲ್ಲ. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗೀತು.

ಉಳಿದದ್ದು ಇಂಜೆಕ್ಟರ್ ಇಲ್ಲವೇ ವಯರ್. ಇಂಜೆಕ್ಟರಿಗೆ ಕೈ ಹಾಕುವ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಿದರು. ಬೆಲ್ಟ್ ಹಾಕುವಾಗ ಯಾವುದೆಲ್ಲ ಬಿಚ್ಚಿರ್ತಾರೆ? ಬೆಲ್ಟ್ ಇರುವ ಬದಿಯೇ ಒಂದನೇ ಸಿಲಿಂಡರ್. ಮೇಲಿನ ಕವರ್ ತೆಗೆಯಲು ಆ ಬದಿಯ ವಯರಿಂಗ್ ಸರಿಸಲೇಬೇಕು. ಇಂಜಿನ್ ಸ್ಟಾರ್ಟಲ್ಲಿಟ್ಟು ಕಾಯಿಲಿನ ಕಪ್ಲರ್ ಹಿಡಿದು ಮೆಲ್ಲ ಅಲ್ಲಾಡಿಸಿದರು. ಇಂಜಿನ್ ತಡವರಿಸಿತು. ಬಿಟ್ಟರು, ಸರಿಯಾಯ್ತು. ಮತ್ತೆ ಅಲ್ಲಾಡಿಸಿದರು, ಮತ್ತೆ ತಡವರಿಸಿತು.

ಬಿಸಿಗೆ ಒಣಗಿದ ಪ್ಲಾಸ್ಟಿಕ್ ಕಪ್ಲರ್‌ನ ಲಾಕ್ ಮುರಿದಿತ್ತು. ಯಾರೋ ಹಾಗೇ ಒತ್ತಿ ಕೂರಿಸಿದ್ದರು. ಒಳಗಿನ ಪಿನ್ನೂ ಸಡಿಲ.

ಹಾಗಾದರೆ ಚಡಾವಿನಲ್ಲಿ ಮಾತ್ರ ಯಾಕೆ? ಎರಡು ಕಾರಣ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಇಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ, ವಯರ್ ಎಳೆದ ಹಾಗಾಗ್ತದೆ. ಇನ್ನೊಂದು ಟರ್ಬೊದ್ದೇ ವಿಷಯ. ಟರ್ಬೊ ಗಾಳಿ ತುರುಕಿದಷ್ಟೂ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಒತ್ತಡ ಜಾಸ್ತಿಯಾದಷ್ಟೂ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸಡಿಲ ಪಿನ್ನಿನಿಂದ ಅರೆಹೊಟ್ಟೆಯಲ್ಲಿರುವ ಕಾಯಿಲ್‌ಗೆ ಅದು ಸಾಧ್ಯವಿಲ್ಲ. ಐಡಲ್‌ನಲ್ಲಿ, ಇಳಿತದಲ್ಲಿ ಅಷ್ಟು ಬೇಕಾಗೋದೇ ಇಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಟೆಸ್ಟ್ ಡ್ರೈವ್ ಮಾಡಿ "ಎಲ್ಲ ಓಕೆ" ಅಂದಿದ್ರೆ ಅವರಿಗೂ ನಿಜಕ್ಕೂ ಓಕೆ ಕಂಡಿರಬಹುದು.

ನೀವೂ ಟರ್ಬೊ ಕಾರು ಇಟ್ಟುಕೊಂಡಿದ್ರೆ, ಬೆಲ್ಟ್ ಕೆಲಸ ಆದ ಮೇಲೆ ಗಾಡಿ ತಗೊಳ್ಳುವ ಮೊದಲು ಒಂದು ಫ್ಲೈಓವರ್ ಆದ್ರೂ ಜೋರಾಗಿ ಹತ್ತಿಸಿ ನೋಡಿ. ಮಿಸ್ಸಿಂಗ್ ಬಂದ್ರೆ, ಹೆಡ್ ಬಿಚ್ಚಲು ಒಪ್ಪುವ ಮೊದಲು ಕಂಪ್ರೆಷನ್ ಅಂಕೆ ಕೇಳಿ.

ಪಿನ್ ಬಿಗಿ ಮಾಡಿ, ಕಪ್ಲರ್ ಕದಲದ ಹಾಗೆ ಕೇಬಲ್ ಟೈ ಹಾಕಿ ಮತ್ತೆ ಅದೇ ಚಡಾವಿಗೆ ಹೋದೆವು. ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, ಅವರು ಪಕ್ಕದಲ್ಲಿ ನನ್ನ ಫೋನ್ ಹಿಡ್ಕೊಂಡು ಕೂತಿದ್ದರು. ನಾಲ್ಕೂ ಸಿಲಿಂಡರ್ ಎದುರು ಸೊನ್ನೆ. ನಾನೂರು ರೂಪಾಯಿ ತಗೊಂಡ್ರು. "ಟೈ ನಂಬಿ ಘಟ್ಟ ಹತ್ಬೇಡಿ, ಮಂಗಳೂರಿಂದ ಬರುವಾಗ ಪುತ್ತೂರಲ್ಲಿ ಹೊಸ ಕಪ್ಲರ್ ತನ್ನಿ, ಹಾಕಿ ಕೊಡ್ತೇನೆ" ಅಂದ್ರು. ಸೋಮವಾರ ಅಜ್ಜಿಯ ಆಪರೇಷನ್ ಆಯ್ತು. ಬುಧವಾರ ಕಪ್ಲರ್ ಹಾಕಿಸಿದ್ದೂ ಆಯ್ತು.