ನಾಳೆಯ ಉಬ್ಬರ ಎಷ್ಟು ಗಂಟೆಗೆ?

ಸಾವಾದ ಮನೆಗೆ ಮೊದಲ ಫೋಟೊ ಸ್ಟುಡಿಯೊದಿಂದ ಬರುತ್ತದೆ. ಉತ್ತರಕ್ರಿಯೆಯ ಹೊತ್ತಿಗೆ ಬೇಕೆಂಬ ಅವಸರದಲ್ಲಿ ಮನೆಯವರು ಯಾವುದೋ ಮದುವೆಯ ಗುಂಪುಚಿತ್ರ ಹುಡುಕಿ ಕೊಟ್ಟಿರುತ್ತಾರೆ. ಸ್ಟುಡಿಯೊದವನು ಅಕ್ಕಪಕ್ಕದ ನೆಂಟರನ್ನು ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಕಟ್ಟು ಹಾಕಿಸಿ ಕೊಡುತ್ತಾನೆ. ಭುಜದ ಮೇಲೆ ಯಾರದೋ ಬೆರಳು ಹಾಗೇ ಉಳಿದಿರುವುದೂ ಉಂಟು. ಮುಂಬಯಿ ಪಕ್ಕದ ಡೊಂಬಿವಲಿ, ಕಲ್ಯಾಣ್, ಥಾಣೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ, ತುಳು ಮನೆಗಳಲ್ಲೂ ಇದೇ ರೂಢಿ: ಹಾರ, ಊದುಬತ್ತಿ, ಒಂದು ಸಣ್ಣ ಕೆಂಪು ಬಲ್ಬು. ಬಂದವರಿಗೆ ಕೈಮುಗಿಯಲು ಅದು ಬೇಕು. ಉಳಿದವರ ಮುಂದಿನ ದಿನಗಳಿಗೆ ಅದರಿಂದ ಹೆಚ್ಚು ಆಸರೆ ಸಿಗುವುದಿಲ್ಲ.

ಉಳಿದವರು ತಾವೇ ಕ್ಯಾಮರಾ ಎತ್ತಿಕೊಂಡರೆ ನಡೆಯುವುದೇ ಬೇರೆ.

ಜಪಾನಿನ ಛಾಯಾಗ್ರಾಹಕಿ ಇಶಿಯುಚಿ ಮಿಯಾಕೊ 2000ದಲ್ಲಿ ತಾಯಿಯನ್ನು ಕಳೆದುಕೊಂಡರು. ಬದುಕಿದ್ದಾಗ ತಾಯಿಮಗಳ ನಡುವೆ ಅಂಥ ಸಲಿಗೆಯಿರಲಿಲ್ಲ. ತಾಯಿ ಬಿಟ್ಟುಹೋದ ಒಳಉಡುಪು, ಬಳಸಿದ ಲಿಪ್‌ಸ್ಟಿಕ್, ಕೂದಲು ಸಿಕ್ಕಿಕೊಂಡ ಬಾಚಣಿಗೆ, ಹೀಗೆ ಒಂದೊಂದನ್ನೇ ಎದುರಿಗಿಟ್ಟುಕೊಂಡು ಅವರು ಫೋಟೊ ತೆಗೆದರು. 2005ರ ವೆನಿಸ್ ಬಿಯೆನಾಲೆಯಲ್ಲಿ ಜಪಾನ್ ತನ್ನ ಮಂಟಪದಲ್ಲಿ ಈ ಚಿತ್ರಗಳನ್ನೇ ತೂಗುಹಾಕಿತು. ಡೊಂಬಿವಲಿಯ ಎರಡು ಕೋಣೆಯ ಮನೆಗೆ ಈ ಸಂಗತಿ ದೂರದ್ದಲ್ಲ. ಅಲ್ಲಿ ಕಪಾಟು ಒಂದೇ. ತೀರಿಕೊಂಡವರ ಸೀರೆ, ಕನ್ನಡಕ, ರೈಲಿನ ಪಾಸು ಹಾಕಿಡುವ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಬೇಗ ತೆರವು ಮಾಡಬೇಕಾಗುತ್ತದೆ. ಕೊಟ್ಟುಬಿಡುವ ಮೊದಲು ಕಿಟಕಿಯ ಬೆಳಕಿನಲ್ಲಿ ಹರಡಿ, ಫೋನಿನಲ್ಲಾದರೂ ಒಂದು ಚಿತ್ರ ತೆಗೆದುಕೊಂಡರೆ ಕೊಡುವ ಕೈ ಅಷ್ಟು ನಡುಗುವುದಿಲ್ಲ.

ಮನೆಯೊಳಗಿನ ಈ ಕೆಲಸ ದುಃಖದ ಒಂದು ಮುಖ. ನೆದರ್ಲೆಂಡ್ಸಿನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಇನ್ನೊಂದು ಮುಖವನ್ನೂ ತೋರಿಸಿದರು. ಅವರು ಹೇಳುವಂತೆ ನೊಂದವರು ಒಂದು ಗಳಿಗೆ ಕಳೆದುಕೊಂಡದ್ದರ ಕಡೆಗೆ, ಮತ್ತೊಂದು ಗಳಿಗೆ ಮುಂದಿನ ಬದುಕಿನ ಕಡೆಗೆ ಓಲಾಡುತ್ತಾರೆ. ಈ ಓಲಾಟ ದೌರ್ಬಲ್ಯವಲ್ಲ, ಚೇತರಿಕೆ ನಡೆಯುವುದೇ ಹೀಗೆ. ‘ಇಷ್ಟು ಬೇಗ ಹೊರಗೆ ಸುತ್ತಾಡುತ್ತಿದ್ದಾಳಲ್ಲ’ ಎಂದು ಅಡುಗೆಮನೆಯಲ್ಲಿ ಪಿಸುಗುಡುವ ನೆಂಟರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಕ್ಯಾಮರಾ ಹಿಡಿದು ಹೊರಗೆ ಹೋಗಲು ಈ ಊರುಗಳಲ್ಲಿ, ಸಮುದ್ರದ ನೀರು ಒಳಗೆ ಹರಿದುಬರುವ ಥಾಣೆ ಖಾಡಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾದ ಈ ಖಾಡಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ರಾಮ್‌ಸಾರ್ ಮಾನ್ಯತೆಯೂ ಸಿಕ್ಕಿತು. ಡೊಂಬಿವಲಿಯಿಂದ ಥಾಣೆಗೆ ಬಂದು ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದರೆ ಐರೋಲಿ. ಅಲ್ಲಿಂದ ಕಾಂಡ್ಲಾ ಗಿಡಗಳ ನಡುವೆ ಅರಣ್ಯ ಇಲಾಖೆಯ ಬೋಟು. ನೀರಿಳಿದಾಗ ಹಕ್ಕಿಗಳು ಕೆಸರಿನಲ್ಲಿ ಮೇಯುತ್ತವೆ, ನೀರೇರಿದಾಗ ಸೀವುಡ್ಸ್, ನೆರೂಲ್ ಕಡೆಯ ಕೆರೆಗಳಿಗೆ ಹಾರುತ್ತವೆ. ಬೋಟು ಹೊರಡುವ ಹೊತ್ತೂ ಉಬ್ಬರವನ್ನು ನೋಡಿಕೊಂಡು ದಿನದಿನಕ್ಕೆ ಬದಲಾಗುತ್ತದೆ. ಹೀಗಾಗಿ ಕ್ಯಾಮರಾ ಹಿಡಿದವರು ಹಿಂದಿನ ರಾತ್ರಿಯೇ ನಾಳೆಯ ಉಬ್ಬರ ಎಷ್ಟು ಗಂಟೆಗೆ ಎಂದು ನೋಡಿಡಬೇಕು. ತಿಂಗಳುಗಟ್ಟಲೆ ನಾಳೆ ಎನ್ನುವುದೇ ಬೇಡವಾಗಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಬೋಟಿನಲ್ಲಿ ಪಕ್ಕದವರು ಕೇಳುವ ಪ್ರಶ್ನೆಯೂ ಬೇರೆ. ‘ಹೇಗಾಯಿತು? ಆಸ್ಪತ್ರೆಗೆ ಸೇರಿಸಿದ್ದಿರಾ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ‘ಅಕ್ಕ, ಆ ಬೂದು ಬಣ್ಣದ್ದು ಫ್ಲೆಮಿಂಗೊನಾ?’ ಎನ್ನುತ್ತಾರೆ. ಹೌದು, ಅದು ಮರಿ. ತಿನ್ನುವ ಪಾಚಿಯಿಂದ, ಸಣ್ಣ ಜೀವಿಗಳಿಂದ ಗುಲಾಬಿ ಬಣ್ಣ ನಿಧಾನವಾಗಿ ಬರಬೇಕು. ಬಹಳ ದಿನಗಳ ಮೇಲೆ ತನಗೆ ಗೊತ್ತಿರುವ ಒಂದು ಸಂಗತಿಯನ್ನು ಇನ್ನೊಬ್ಬರಿಗೆ ಹೇಳುವ ಅವಕಾಶ ಅದು.

ಖಾಡಿಯ ದಂಡೆಯಲ್ಲಿ ಸಾವು ಕಾಣಿಸುವುದೇ ಇಲ್ಲ ಎಂದಲ್ಲ. 2024ರ ಏಪ್ರಿಲ್‌ನಲ್ಲಿ ನೆರೂಲಿನ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಕಟ್ಟಿಹೋಗಿ ಹಲವು ಫ್ಲೆಮಿಂಗೊಗಳು ಸತ್ತವು. ಮರುತಿಂಗಳು, ಆಚೆ ದಡದ ಘಾಟ್‌ಕೋಪರ್‌ನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಬಿದ್ದವು. ಡಿಪಿಎಸ್ ಕೆರೆ ಉಳಿಸಬೇಕೆಂದು ದನಿಯೆತ್ತಿದ ನಾಗರಿಕರ ಕೈಯಲ್ಲಿದ್ದ ಬಲವಾದ ಸಾಕ್ಷಿ ಫೋಟೊಗಳೇ.

ಎಲ್ಲರಿಗೂ ಕ್ಯಾಮರಾ ಒಗ್ಗಬೇಕೆಂದೇನೂ ಇಲ್ಲ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರಿಗೆ ಈ ವಿದ್ಯೆ ಕಲಿಸಿದವರು ಪತಿ ಮಾಣೆಕ್‌ಷಾ. ಅವರು 1969ರಲ್ಲಿ ತೀರಿಕೊಂಡರು. ಮರುವರ್ಷವೇ ಹೋಮಾಯಿ ವೃತ್ತಿ ಬಿಟ್ಟರು. ಹೊಸ ಛಾಯಾಗ್ರಾಹಕರ ನಡವಳಿಕೆ ಹಿಡಿಸಲಿಲ್ಲ ಎಂಬ ಕಾರಣವನ್ನೂ ಕೊಟ್ಟಿದ್ದರು. ಆಮೇಲೆ ನಾಲ್ಕು ದಶಕ ಬದುಕಿದರೂ ಕ್ಯಾಮರಾದ ಕಡೆಗೆ ಮರಳಲಿಲ್ಲ. ಅದನ್ನೂ ಗೌರವಿಸಬೇಕು.

ಮಳೆ ಹಿಡಿಯುವ ಹೊತ್ತಿಗೆ ಫ್ಲೆಮಿಂಗೊಗಳ ದೊಡ್ಡ ಹಿಂಡುಗಳು ಖಾಡಿ ಬಿಟ್ಟು ಹೊರಟಿರುತ್ತವೆ. ಹೊರಗೆ ಹೋಗುವ ರೂಢಿ ತಪ್ಪಬಾರದೆನ್ನುವವರಿಗೆ ಥಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿ ಇದೆ, ಚಿಟ್ಟೆಗಳ ತೋಟ. ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಬ್ಲೂ ಮಾರ್ಮನ್ ಮಳೆ ನಿಂತ ಬಿಸಿಲಿಗೆ ಹೊರಬರುತ್ತದೆ. ಅದಕ್ಕೆ ದೊಡ್ಡ ಲೆನ್ಸ್ ಬೇಡ, ಫೋನ್ ಸಾಕು; ಒದ್ದೆ ನೆಲದಲ್ಲಿ ಕೂರಲು ಹಳೆಯ ಬಟ್ಟೆ ಉಟ್ಟುಕೊಂಡು ಹೋಗಬೇಕು, ಅಷ್ಟೆ.