ಕರ್ರ್ ಎಂದ ಪಿಕಪ್ಪೂ, ನನ್ನ ಬಾಯಿಯೂ

ಬೆಳಗಿನ ಜಾವ ಮೂರೂವರೆಗೆ ಡೊಂಬಿವಲಿ ಬಿಟ್ಟರೆ ಶೀಲ್‌ಫಾಟಾ ದಾಟಿ ನಾಲ್ಕೂವರೆಯೊಳಗೆ ವಾಶಿ ತರಕಾರಿ ಮಾರ್ಕೆಟ್ಟು ಮುಟ್ಟಬಹುದು. ಗಾಡಿ ಸ್ಟಾರ್ಟ್ ಆದರೆ!

ನಮ್ಮ ಕೇಟರಿಂಗಿನ ಸಾಮಾನೆಲ್ಲ ಹೊರುವುದು 2009ರ ಡೀಸೆಲ್ ಪಿಕಪ್. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ರೋಗ ಶುರುವಾಯಿತು. ಕೀ ತಿರುಗಿಸಿದರೆ ಕರ್ರ್ರ್... ಕಬ್ಬಿಣ ಕಬ್ಬಿಣವನ್ನು ಕಡಿದ ಸದ್ದು. ಎರಡನೇ ಸಲವೂ ಅದೇ. ಮೂರನೇ ಸಲಕ್ಕೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್.

ಮನೆಯವಳ ಪ್ರಕಾರ ದೃಷ್ಟಿ ತಾಗಿತ್ತು. ನನ್ನ ಪ್ರಕಾರ ತಾಗಿದ್ದು ಡ್ರೈವರ್ ಹುಡುಗನ ಕೈ. ಇಂಜಿನ್ ಓಡುತ್ತಿರುವಾಗಲೇ ಮತ್ತೆ ಕೀ ಕೊಟ್ಟು ಹಲ್ಲು ಸವೆಸಿದ್ದಾನೆ ಅಂತ ಗಲ್ಲಿಯವರೆದುರೇ ಬೈದೆ. ಅವನು ಹಾಗೆ ಮಾಡಿದ್ದನ್ನು ನಾನೇನೂ ಕಣ್ಣಾರೆ ಕಂಡಿರಲಿಲ್ಲ. "ಇಲ್ರಿ ಸೇಠ್, ನಾ ಬರೂಕಿಂತ ಮೊದಲಿಂದಾನೂ ಐತ್ರಿ" ಅಂದ. ಎಲ್ಲ ಡ್ರೈವರುಗಳೂ ಹೇಳುವ ಮಾತು ಅಂದುಕೊಂಡೆ. ಗಣಪತಿ ಹಬ್ಬಕ್ಕೆ ವಿಜಯಪುರದ ಕಡೆ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಸದ್ದು ಮಾತ್ರ ಹೋಗಲಿಲ್ಲ ನೋಡಿ.

ಯಾರೋ ಹೇಳಿದರೆಂದು ಹೊಸ ಬ್ಯಾಟರಿ ಹಾಕಿಸಿದೆ. ದಂಡ. ಬ್ಯಾಟರಿ ಸತ್ತರೆ, ಅದರ ವೈರು ಕಿಲುಬು ಹಿಡಿದರೆ, ಬರುವುದು ಟಿಕ್ ಟಿಕ್ ಸದ್ದು, ಕರ್ರ್ ಅಲ್ಲ. ಆಮೇಲೆ ಸ್ಟಾರ್ಟರ್ ಮೋಟಾರನ್ನೇ ಬದಲಿಸಿದೆ. ಮೂರು ವಾರ ಸುಖ. ಮತ್ತೆ ಕರ್ರ್.

ಉತ್ತರ ಸಿಕ್ಕಿದ್ದು ವಾಶಿಯಲ್ಲಿ. ಕೊತ್ತಂಬರಿ, ಟೊಮೆಟೊ ತುಂಬಿ ಆಗಿತ್ತು, ಗಾಡಿ ಮಿಸುಕಲಿಲ್ಲ. ಒಬ್ಬ ಮುದಿ ಮಾಥಾಡಿ ಬಂದು ಕೀ ಆಫ್ ಮಾಡಿಸಿ, ಟಾಪ್ ಗೇರಿಗೆ ಹಾಕಿಸಿ, ಇನ್ನಿಬ್ಬರ ಜೊತೆ ಗಾಡಿಯನ್ನು ಒಂದು ಗೇಣು ಮುಂದಕ್ಕೆ ನೂಕಿದ. ನ್ಯೂಟ್ರಲ್ ಮಾಡಿ ಕೀ ತಿರುಗಿಸಿದರೆ... ಒಂದೇ ಏಟಿಗೆ ಸ್ಟಾರ್ಟ್!

ನಮ್ಮ ಗ್ಯಾರೇಜಿನ ಭಾಯ್ ಇದನ್ನು ಕೇಳಿದ್ದೇ ತಡ, "ರಿಂಗು ಹೋಗಿದೆ" ಅಂದ. ಇಂಜಿನ್ನಿನ ಫ್ಲೈವೀಲಿನ ಸುತ್ತ ಹಲ್ಲಿನ ಉಂಗುರವೊಂದಿದೆಯಂತೆ. ಕೀ ಕೊಟ್ಟಾಗ ಸ್ಟಾರ್ಟರಿನ ಪುಟ್ಟ ಚಕ್ರ ಮುಂದೆ ಬಂದು ಅದಕ್ಕೆ ಕಚ್ಚಿಕೊಂಡು ಇಂಜಿನ್ ತಿರುಗಿಸುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನನ್ನು ಆಫ್ ಮಾಡಿದಾಗ, ಗಾಳಿ ಅದುಮುತ್ತಿರುವ ಪಿಸ್ಟನ್ ತಡೆಯುವುದರಿಂದ, ಅದು ಹೆಚ್ಚಾಗಿ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಅಂದರೆ ಪ್ರತಿದಿನ ಏಟು ತಿನ್ನುವುದು ಅವೇ ಹಲ್ಲುಗಳು. ಗಾಡಿ ನೂಕಿದಾಗ ಉಂಗುರ ಚೂರು ತಿರುಗಿ ಗಟ್ಟಿ ಹಲ್ಲು ಎದುರಿಗೆ ಬಂದಿತ್ತು, ಅಷ್ಟೇ. ಮೋಟಾರು ತೆಗೆದ ದಿನವೇ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಇಂಜಿನ್ ಕೈಯಲ್ಲಿ ತಿರುಗಿಸಿ ನೋಡಿದ್ದರೆ ಕಾಣುತ್ತಿತ್ತು.

ಗೇರ್‌ಬಾಕ್ಸ್ ಇಳಿಸಿದಾಗ ಕಂಡಿತು. ಎರಡು ಕಡೆ ಹಲ್ಲು ನನ್ನ ಅಜ್ಜಿಯ ದವಡೆಯ ಹಾಗೆ, ಉಳಿದದ್ದೆಲ್ಲ ಸಾಪು. ಹಳೇ ಉಂಗುರ ಬಿಡಿಸಿ, ಹೊಸದನ್ನು ಕಾಯಿಸಿ ಹಿಗ್ಗಿಸಿ ಕೂರಿಸಿದರು. ಆರಿದ ಮೇಲೆ ಅದೇ ಬಿಗಿದುಕೊಳ್ಳುತ್ತದೆ. ರಿಂಗಿಗಿಂತ ಕೂಲಿಯೇ ಹೆಚ್ಚು, ಮಾರಾಯ್ರೆ.

"ಇದು ಎಷ್ಟು ದಿನದ ಸವೆತ?" ಅಂತ ಕೇಳಿದೆ.

"ದಿನ? ವರ್ಷಗಳು ಸೇಠ್."

ಹುಡುಗ ನಮ್ಮಲ್ಲಿದ್ದದ್ದು ಒಟ್ಟು ಏಳು ತಿಂಗಳು.

ಎರಡು ದಿನ ಮೊಬೈಲ್ ತೆಗೆದು ತೆಗೆದು ಇಟ್ಟೆ. ಮೂರನೇ ದಿನ ಮಾಡಿದೆ. ತಪ್ಪಾಯ್ತು ಅಂದೆ. ಅವನು ಅದಕ್ಕೇನೂ ಹೇಳಲಿಲ್ಲ. "ಈಗ ಒಂದ ಸಲಕ್ಕ ಚಾಲೂ ಆಗ್ತೈತೇನ್ರಿ?" ಅಂತ ಕೇಳಿದ. ಆಗುತ್ತೆ, ಬಂದುಬಿಡು ಅಂದೆ. ತೊಗರಿ ರಾಶಿ ಮುಗಿಯಲಿ, ನೋಡೋಣ ಅಂದಿದ್ದಾನೆ.